ಒಲೆ ಎಣಿಸುವ ಸಾಹೇಬರು

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಶಿವಗಣಾರಾಧನೆಯ ಕಾರ್ಡಿನಿಂದ. ಹೆಸರಿನ ಕೆಳಗೆ 'ನಿವೃತ್ತ ಸರ್ಕಾರಿ ನೌಕರರು' ಎಂದಷ್ಟೇ ಅಚ್ಚಾಗಿತ್ತು. ದಾವಣಗೆರೆ, ಹರಿಹರ, ಮಲೆಬೆನ್ನೂರುಗಳಲ್ಲಿ ಅದೆಷ್ಟೋ ಮನೆಗಳ ಜಗುಲಿಯ ಮೇಲೆ ಕೂತು, ಗಂಡಸರು ಹೆಂಡತಿಗೂ ಹೇಳದ ಸಂಗತಿಯನ್ನು ನಯವಾಗಿ ಹೊರಗೆಳೆದ ಮನುಷ್ಯನಿಗೆ ಎರಡು ಪದ ಜಾಸ್ತಿ ಹಾಕಿಸಬಹುದಿತ್ತು. ಆದರೆ ಹೆಚ್ಚಿನ ಮಾತು ಅವರಿಗೂ ಸೇರುತ್ತಿರಲಿಲ್ಲ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ವರ್ಷಗಟ್ಟಲೆ ಮುಚ್ಚಿಟ್ಟ ಒಂದು ಸಂಗತಿ ಅವರ ಮನೆಯವರಿಗೆ ಗೊತ್ತಾದೀತು. ಆ ಮನೆಯಲ್ಲಿ ಪುಸ್ತಕ ಓದುವ ಚಟ ಯಾರಿಗೂ ಇರಲಿಲ್ಲ ಎಂಬುದು ನನಗಿರುವ ಇನ್ನೊಂದು ಧೈರ್ಯ.

ನಯಾಪೈಸೆ ಚಲಾವಣೆಗೆ ಬಂದು, ಆಣೆ ಹೋಯಿತಲ್ಲ ಎಂದು ಜನ ಇನ್ನೂ ಗೊಣಗುತ್ತಿದ್ದ ಕಾಲ. ಜಿಲ್ಲೆಯ ಪ್ರಜೆಗಳು ತಿಂಗಳಿಗೆ ಎಷ್ಟು ಗಳಿಸುತ್ತಾರೆಂದು ತಿಳಿಯದೆ ಸರ್ಕಾರಕ್ಕೆ ಊಟ ಸೇರದಂತಾಯಿತು. ಅದನ್ನು ತಿಳಿದು ಬರಲು ದಾವಣಗೆರೆಯಲ್ಲಿ ಎರಡು ಕೋಣೆಯ ಒಂದು ಕಚೇರಿ ಹುಟ್ಟಿತು. ಅದರಲ್ಲಿ ನಾವು ನಾಲ್ವರು ಗುಮಾಸ್ತರು. ನಮ್ಮ ಮೇಲೆ ಸಾಹೇಬರು. ಸಾಹೇಬರ ಮೇಲೆ ಚಿತ್ರದುರ್ಗದ ದೊಡ್ಡ ಕಚೇರಿ. ದುರ್ಗದವರು ಚೀಟಿ ಎತ್ತಿದ ಹಾಗೆ ಆರಿಸಿದ ಮನೆ ನಂಬರುಗಳ ಪಟ್ಟಿ ಕಳಿಸುತ್ತಿದ್ದರು. ನಾವು ಆ ಮನೆಗಳಿಗೆ ಹೋಗಿ ಫಾರಂ ತುಂಬಬೇಕು. ಫಾರಮ್ಮಿಗೆ ಎರಡು ಭಾಗ. ಮೊದಲನೆಯದರಲ್ಲಿ ದುಡಿಯುವ ಒಂದೊಂದು ತಲೆಯ ಆದಾಯ. ಎರಡನೆಯದರಲ್ಲಿ ಇಡೀ ಕುಟುಂಬದ ಒಟ್ಟು ಆದಾಯ. ಎರಡಕ್ಕೂ ತಾಳೆಯಾಗಬೇಕು. ಇಷ್ಟು ಸರಳ.

ಸಾಹೇಬರು ಕುಳ್ಳಗಿದ್ದರು. ಖಾಕಿ ಪ್ಯಾಂಟು, ಕೊರಳವರೆಗೆ ಗುಂಡಿ ಹಾಕಿದ ಕೋಟು, ಕರಿ ಟೋಪಿ, ಹಣೆಯ ಮೇಲೆ ವಿಭೂತಿ. ಕಾಪಿಯಿಂಗ್ ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿಯೇ ಬರೆಯುತ್ತಿದ್ದರಿಂದ ಅವರ ಕೆಳದುಟಿಯ ನಡುವೆ ನೇರಳೆ ಬಣ್ಣದ ಒಂದು ಚುಕ್ಕೆ ಶಾಶ್ವತವಾಗಿ ನಿಂತುಬಿಟ್ಟಿತ್ತು. ಹಾಗೆ ಒದ್ದೆ ಮಾಡಿ ಬರೆದದ್ದನ್ನು ರಬ್ಬರಿನಿಂದ ಉಜ್ಜಿ ಅಳಿಸಲಾಗದು. ಅವರಿಗೆ ಬೇಕಾದದ್ದೂ ಅದೇ.

ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ ಎಂದು ಸರ್ಕಾರ ವಿಧಿಸಿತ್ತು. ಆದ್ದರಿಂದ ಸಾಹೇಬರು ಯಾವ ಮನೆಗೆ ಹೋದರೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಒಲೆ ಎಷ್ಟ್ರಿ?" ಊರಿನ ಜನ ಅವರಿಗೆ ಒಲೆ ಎಣಿಸುವ ಸಾಹೇಬರು ಎಂದು ಹೆಸರಿಟ್ಟರು. ಹರಿಹರದ ಒಂದು ಮನೆಯಲ್ಲಿ ಅತ್ತೆ ಸೊಸೆ ಮುಂಜಾನೆ ಜಗಳವಾಡಿ ಬೇರೆ ಒಲೆ ಹೂಡುತ್ತಿದ್ದರು. ಸಂಜೆಗೆ ರಾಜಿಯಾಗಿ ಒಂದೇ ಒಲೆಯ ಮುಂದೆ ಕೂರುತ್ತಿದ್ದರು. ನಾನು ಮುಂಜಾನೆ ಹೋಗಿ ಎರಡು ಕುಟುಂಬ ಎಂದು ಬರೆದುಕೊಂಡು ಬಂದೆ. ಸಾಹೇಬರು ಸಂಜೆ ಹೋಗಿ ನೋಡಿ ಬಂದರು.

"ಅತ್ತಿ ಒಲಿ ಮ್ಯಾಲೆ ಸೊಸಿ ರೊಟ್ಟಿ ಬಡೀತಿದ್ಲಪ್ಪ. ಇದೆಂಗೆ ಎರಡು ಕುಟುಂಬ ಆತು?"

"ನಾನು ಹೋದಾಗ ಎರಡು ಒಲೆ ಉರೀತಿದ್ವು ಸಾರ್."

"ಇನ್ನೆರಡು ದಿನ ಹೋಗಿ ಬಾ. ಯಾವುದು ಗೆಲ್ತತೆ ನೋಡೋಣ."

ಎರಡು ದಿನ ಹೋದೆ. ಮೂರನೆಯ ದಿನ ಸೊಸೆ ತವರಿಗೆ ಹೋಗಿಬಿಟ್ಟಳು. ಒಂದೇ ಕುಟುಂಬ ಎಂದು ಇತ್ಯರ್ಥವಾಯಿತು.

ಸಾಹೇಬರು ಆದಾಯ ಎಂಬ ಪದವನ್ನು ಯಾರೆದುರಿಗೂ ಬಾಯಿಂದ ಹೊರಡಿಸುತ್ತಿರಲಿಲ್ಲ. "ಆ ಮಾತು ಕಿವಿಗೆ ಬಿದ್ದರೆ ಸಾಕು, ಎಂಥ ಸತ್ಯವಂತನೂ ಕೆಮ್ಮೋಕೆ ಶುರು ಮಾಡ್ತಾನೆ" ಎನ್ನುತ್ತಿದ್ದರು. ವಾರದಲ್ಲಿ ಎಷ್ಟು ದಿನ ಅನ್ನ ಮಾಡುತ್ತೀರಿ, ಚಹಾಕ್ಕೆ ಬೆಲ್ಲವೋ ಸಕ್ಕರೆಯೋ, ಸೀಮೆಎಣ್ಣೆ ಡಬ್ಬಿಯಲ್ಲೋ ಸೀಸೆಯಲ್ಲೋ, ಹೀಗೆ ಸುತ್ತಿ ಬರುತ್ತಿದ್ದರು. ಪಿ.ಜೆ. ಬಡಾವಣೆಯ ಒಬ್ಬ ಹತ್ತಿ ವ್ಯಾಪಾರಿ ನಮ್ಮನ್ನು ನೋಡಿದೊಡನೆ ಒಳಗೆ ಹೋಗಿ ಹರಿದ ಬನಿಯನ್ನು ತೊಟ್ಟುಕೊಂಡು ಬಂದು ಕೂತ.

"ನಮ್ದೇನೈತ್ರಿ ಸಾಹೇಬ್ರೆ. ಹೊಟ್ಟೆಗೆ ಬಟ್ಟೆಗೆ ನೇರ ಆಗ್ತತೆ. ಈ ವರ್ಷ ಅದೂ ಕಷ್ಟ."

"ಹೌದ್ರಿ ಪಾಪ, ಕಾಲ ಹಂಗೈತೆ" ಎಂದು ಸಾಹೇಬರು ಬಹಳ ನೊಂದುಕೊಂಡರು. ಆಮೇಲೆ, "ಬಿಸಿಲಾಗೆ ಬಂದೀವಿ, ಒಂದಿಷ್ಟು ನೀರು ಕೊಡಿಸ್ರಿ" ಎಂದರು. ಒಳಗಿನವರಿಗೆ ಹೊರಗಿನ ದುಃಖ ಗೊತ್ತಿರಲಿಲ್ಲ. ನೀರು ಬೆಳ್ಳಿಯ ಲೋಟದಲ್ಲಿ ಬಂತು, ಜೊತೆಗೆ ತುಪ್ಪ ಸೋರುವ ಉಂಡೆ ಬೆಳ್ಳಿಯ ತಟ್ಟೆಯಲ್ಲಿ ಬಂತು. ಸಾಹೇಬರು ನೀರು ಕುಡಿದು, ಉಂಡೆ ತಿಂದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಪೆನ್ಸಿಲನ್ನು ನಾಲಿಗೆಗೆ ತಾಗಿಸಿದರು. "ಈಗ ಹೇಳ್ರಿ, ಮೊದ್ಲಿಂದ." ವ್ಯಾಪಾರಿ ಮೊದಲಿನಿಂದ ಹೇಳಿದ.

ಶ್ರೀಮಂತರು ಇಳಿಸಿ ಹೇಳುತ್ತಾರೆ, ಬಡವರು ಸರಿಯಾಗಿ ಹೇಳುತ್ತಾರೆ ಎಂದು ನಾನು ಆವತ್ತು ತೀರ್ಮಾನಿಸಿದೆ. ಆ ತೀರ್ಮಾನ ಒಂದು ವಾರ ಬಾಳಿತು. ಗಿರಣಿ ಕೆಲಸಗಾರನೊಬ್ಬ ತನ್ನ ಸಂಬಳ ಕೇಳಿದಾಗ ಒಳಕೋಣೆಗೂ ಕೇಳುವ ಹಾಗೆ, ಇರುವುದಕ್ಕಿಂತ ದುಪ್ಪಟ್ಟು ಕೂಗಿ ಹೇಳಿದ. ನಾನು ಬರೆಯಲು ಹೋದಾಗ ಸಾಹೇಬರು ನನ್ನ ಕೈ ಹಿಡಿದರು. "ಬಟವಾಡೆ ಆದ ಮರುದಿನ ಬರ್ತೀವಿ" ಎಂದು ಎದ್ದರು. ಗಿರಣಿಯಲ್ಲಿ ಸಂಬಳ ಹಂಚಿದ ಮರುದಿನ ಹೋದಾಗ ಆ ಮನುಷ್ಯ ತಾನಾಗಿಯೇ ಹೇಳಿದ: "ಅವತ್ತು ಒಳಗೆ ಹೆಣ್ಣು ನೋಡೋಕೆ ಬಂದೋರು ಕುಂತಿದ್ರು ಸಾಹೇಬ್ರೆ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ನನಗ್ಯಾಕ ಬ್ಯಾಸರ? ಹೆಣ್ಣು ಒಪ್ಪಿಗಿ ಆತೋ?"

"ಆತ್ರಿ."

"ಹಂಗಾದ್ರ ಈಗ ಖರೇದು ಹೇಳು."

ದಾರಿಯಲ್ಲಿ ನನಗೆ ಹೇಳಿದರು: "ಎಲ್ಲಾ ಮನ್ಯಾಗೂ ಸತ್ಯ ಇರ್ತತೆ ತಮ್ಮಾ. ಯಾರು ಕುಂತಾರೆ ನೋಡ್ಕೊಂಡು ಹೊರಗ ಬರ್ತತೆ. ನಾವು ಕಾಯಬೇಕು, ಅಷ್ಟೇ. ಕಡೀಗೆ ಮೊತ್ತ ಸರಿ ಇರಬೇಕು."

ಕಾಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮೂರು ಸಲ ಹೋದಾಗಲೂ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಬದಲಿಗೆ ತೆಗೆದುಕೊಳ್ಳಬಹುದು ಎಂದು ನಿಯಮವಿತ್ತು. ಕರುಣಾಳುವಾದ ಆ ನಿಯಮವನ್ನು ಸಾಹೇಬರು ತಮ್ಮ ಸರ್ವೀಸಿನಲ್ಲಿ ಒಮ್ಮೆಯೂ ಬಳಸಿರಲಿಲ್ಲ. "ಬೀಗ ಹಾಕಿದ ಮನೆಯೋರೂ ಎಲ್ಲೋ ಉಣ್ತಿರ್ತಾರಲ್ಲ?" ನಮ್ಮಲ್ಲೊಬ್ಬ ಗುಮಾಸ್ತ ಮಲೆಬೆನ್ನೂರಿನ ಒಂದು ಮನೆಗೆ ಹೋಗದೆಯೇ, ಬೀಗವಿತ್ತೆಂದು ಬರೆದು ತಂದ.

"ಎಂಥ ಬೀಗ?" ಎಂದು ಕೇಳಿದರು ಸಾಹೇಬರು.

"ಬೀಗ... ಬೀಗದಂಗಿತ್ತು ಸಾರ್."

"ನಾಟೀದೋ, ಅಲಿಗಢದ್ದೋ? ಕಬ್ಬಿಣದ್ದೋ, ಹಿತ್ತಾಳೇದೋ? ತುಕ್ಕು ಹಿಡಿದಿತ್ತೋ?"

ಆ ಬಡಪಾಯಿ ಹಿತ್ತಾಳೆಯ ಬೀಗಕ್ಕೆ ತುಕ್ಕು ಹಿಡಿಸಿದ. ಮರುದಿನ ಮೊದಲನೇ ಬಸ್ಸಿಗೆ ಸಾಹೇಬರು ಅವನನ್ನು ಮಲೆಬೆನ್ನೂರಿಗೆ ಕರೆದೊಯ್ದು ಬಾಗಿಲ ಮುಂದೆ ನಿಲ್ಲಿಸಿದರು. ಆ ಬಾಗಿಲಿಗೆ ಬೀಗ ಸಿಕ್ಕಿಸುವ ಕೊಂಡಿಯೇ ಇರಲಿಲ್ಲ. ಅಂದಿನಿಂದ ನಾವೆಲ್ಲ ಯಾವ ಮನೆಗೆ ಹೋದರೂ ಮನುಷ್ಯರನ್ನು ನೋಡುವ ಮೊದಲು ಬಾಗಿಲ ಕೊಂಡಿಯನ್ನು ನೋಡುವುದು ರೂಢಿಯಾಯಿತು.

ಅವರು ಒಮ್ಮೆ ಮಾತ್ರ ಹಾದಿ ತಪ್ಪಿದ್ದನ್ನು ನಾನು ಕಂಡಿದ್ದೆ. ಹರಿಹರದಲ್ಲಿ ಹೊಳೆಯ ಕಡೆಗಿದ್ದ ಒಂದು ಮನೆಗೆ ಹೋಗುತ್ತಿದ್ದೆವು. ಹೊಳೆಯ ಮೆಟ್ಟಿಲ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಧೋತ್ರ, ಕರಿ ಕೋಟು, ಜರಿಯಂಚಿನ ರುಮಾಲು, ಮಗ್ಗುಲಲ್ಲಿ ಬುತ್ತಿಯ ಗಂಟು. ಯಾವುದೋ ವ್ಯಾಪಾರದ ಪೇಢಿಯ ಮುಖ್ಯ ಗುಮಾಸ್ತರು ದಾರಿ ತಪ್ಪಿ ಹೊಳೆಗೆ ಬಂದ ಹಾಗಿತ್ತು. ನೀರು ಹರಿಯುವುದನ್ನು ಅವರು ಲೆಕ್ಕ ತಪಾಸಣೆ ಮಾಡುವವರಂತೆ ನೋಡುತ್ತಿದ್ದರು. ಸಾಹೇಬರು ಅವರನ್ನು ಕಂಡವರೇ ನಿಂತರು. "ಈ ಓಣಿ ಬ್ಯಾಡ, ಆ ಕಡೀಗೆ ಹೋಗೋಣ" ಎಂದು ಬೇಗಬೇಗನೆ ನಡೆದರು. ಆ ಕಡೆಯ ಓಣಿ ನಮ್ಮನ್ನು ಬಸ್ ಸ್ಟ್ಯಾಂಡಿಗೆ ತಂದು ಬಿಟ್ಟಿತು. ಬಿಸಿಲು ಅವರ ತಲೆಗೆ ಏರಿದೆ ಎಂದುಕೊಂಡೆ.

ಅದಾದ ಕೆಲವು ತಿಂಗಳಿಗೆ ದುರ್ಗದಿಂದ ಬಂದ ಹೊಸ ಪಟ್ಟಿಯಲ್ಲಿ ಹಳೇಪೇಟೆಯ ಒಂದು ಮನೆ ನಂಬರು ಇತ್ತು. ಅದು ಸಾಹೇಬರ ಮನೆ.

"ನಿಮ್ಮನೇನೇ ಬಂದೈತಲ್ಲ ಸಾರ್. ಪಕ್ಕದ ಮನೆ ತಗೊಂಡರಾತು" ಎಂದೆ.

ಸಾಹೇಬರು ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರು. "ಊರಾಗಿನ ಎಲ್ಲಾರ ಒಲೆ ಎಣಿಸೀನಿ. ನಮ್ಮನೆ ಒಲೆಗೆ ಏನು ದೊಡ್ಡ ಕೊಂಬು? ನಾನು ಬರ್ಕೊಳ್ಳಂಗಿಲ್ಲ, ನೀನು ಬರ್ಕೋ. ಭಾನುವಾರ ಬಾ."

ಭಾನುವಾರ ಹೋದೆ. ರೂಢಿಯಂತೆ ಮೊದಲು ಬಾಗಿಲು ನೋಡಿದೆ. ತೆರೆದಿತ್ತು. ಕೊಂಡಿ ಇರಲಿಲ್ಲ. ಹನ್ನೊಂದು ಜನ ವಾಸಿಸುವ, ಸದಾ ಯಾರಾದರೊಬ್ಬರು ಇದ್ದೇ ಇರುವ ಮನೆಗೆ ಕೊಂಡಿ ಏಕೆ? ಪಡಸಾಲೆಯಲ್ಲಿ ಸಾಹೇಬರ ತಾಯಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಸಾಹೇಬರ ಹೆಂಡತಿ ಮತ್ತು ಅತ್ತಿಗೆ. ಕಂಬಕ್ಕೆ ಒರಗಿ ಸಾಹೇಬರು. ಮನೆಯ ಯಜಮಾನರು, ಅಂದರೆ ಸಾಹೇಬರ ಅಣ್ಣ, ಜಮಖಾನದ ಮೇಲೆ ಕೂತಿದ್ದರು.

"ಬರ್ರಿ, ಕೂಡ್ರಿ" ಎಂದರು ಯಜಮಾನರು. ಹರಿಹರದ ಹೊಳೆಯ ಮೆಟ್ಟಿಲ ಮೇಲೆ ನಾನು ಕಂಡವರು ಅವರೇ.

ಒಲೆ ಒಂದು. ಜನ ಹನ್ನೊಂದು. ದುಡಿಯುವವರು ಇಬ್ಬರು. "ಯಜಮಾನ್ರು ಏನು ಕೆಲಸ ಮಾಡ್ತೀರಿ?" ಎಂದೆ.

"ಮೊದ್ಲು ಇಲ್ಲೇ ಹತ್ತಿ ದಲಾಲಿ ಅಂಗಡ್ಯಾಗೆ ಇದ್ದೆ. ಅದು ಮುಚ್ಚಿತು. ಈಗ ಹರಿಹರದಾಗೆ ಒಂದು ಅಂಗಡಿ ಲೆಕ್ಕ ನೋಡ್ಕೊಂತೀನಿ." ಅವರು ಇದನ್ನು ನನಗಲ್ಲ, ಫಾರಮ್ಮಿಗೆ ಹೇಳಿದರು.

"ಮುಂಜಾನೆ ರೈಲಿಗೆ ಹೋದ್ರೆ ಸಂಜಿ ರೈಲಿಗೇ ಬರೋದು" ಎಂದರು ಅವರ ಹೆಂಡತಿ. "ದೀಪಾವಳಿಗೆ ಅಂಗಡಿಯೋರು ಒಂದು ಜೊತೆ ಧೋತ್ರನೂ ಕೊಡ್ತಾರೆ. ಅದನ್ನೂ ಬರ್ಕೋಬೇಕೇನ್ರಿ?"

ಬರೆದುಕೊಳ್ಳಬೇಕಿತ್ತು. ಬರೆದುಕೊಂಡೆ. ಹಿಂದಿನ ದೀಪಾವಳಿಗೆ ಸಾಹೇಬರು ಬಟ್ಟೆ ಅಂಗಡಿಯಲ್ಲಿ ಒಂದು ಜೊತೆ ಧೋತ್ರ ಕೊಳ್ಳುವಾಗ ನಾನು ಅವರ ಜೊತೆಗಿದ್ದೆ. ಸಾಹೇಬರು ಧೋತ್ರ ಉಟ್ಟದ್ದನ್ನು ನಾನೆಂದೂ ಕಂಡಿರಲಿಲ್ಲ.

"ಸಂಬಳ?"

ಅಣ್ಣ ಬಾಯಿ ತೆರೆಯುವ ಮೊದಲೇ ತಾಯಿ ಕುಟ್ಟುವುದನ್ನು ನಿಲ್ಲಿಸಿದರು. "ಅರವತ್ತು ರೂಪಾಯಿ. ತಿಂಗಳಾ ಮೊದಲ್ನೇ ತಾರೀಕು ತಂದು ನನ್ನ ಮುಂದೆ ಇಡ್ತಾನೆ. ಒಂದು ತಿಂಗಳೂ ತಪ್ಪಿಲ್ಲ. ನನ್ನ ಹಿರೀಮಗ. ಬರ್ಕೋಪ್ಪ."

ಬರೆದುಕೊಂಡು ಸಾಹೇಬರ ಕಡೆ ತಿರುಗಿದೆ.

"ತೊಂಬತ್ತೈದು" ಎಂದರು ಸಾಹೇಬರು.

ನಾನು ತಲೆಯೆತ್ತಿ ನೋಡಿದೆ. ಪ್ರತಿ ತಿಂಗಳೂ ಸಂಬಳದ ರಿಜಿಸ್ಟರಿನಲ್ಲಿ ಸಾಹೇಬರು ರುಜು ಹಾಕಿದ ಕೆಳಗಿನ ಸಾಲಿನಲ್ಲೇ ನಾನು ರುಜು ಹಾಕುತ್ತಿದ್ದವನು. ಅವರ ಹೆಸರಿನ ಮುಂದೆ ನೂರೈವತ್ತೈದು ಎಂದಿರುತ್ತಿತ್ತು.

"ತೊಂಬತ್ತೈದು. ಬರಿ."

"ನಮ್ಮೋರ್ದು ಸರ್ಕಾರಿ ಕೆಲ್ಸ ಅಂತ ಹೆಸರಿಗಷ್ಟೇ ನೋಡ್ರಿ" ಎಂದು ಸಾಹೇಬರ ಹೆಂಡತಿ ಒಳಗೆ ಹೋದರು. ಬರೆದೆ. ಕೆಳಗೆ ಕೂಡಿದೆ. ಅರವತ್ತು, ತೊಂಬತ್ತೈದು, ನೂರೈವತ್ತೈದು. ಅಣ್ಣ ಜಮಖಾನದ ಒಂದು ದಾರವನ್ನು ಬೆರಳಿಗೆ ಸುತ್ತುತ್ತಿದ್ದರು.

"ಮೊತ್ತ ಸರಿ ಐತಾ?" ಎಂದು ಸಾಹೇಬರು ಕೇಳಿದರು.

"ಸರಿ ಐತೆ ಸಾರ್."

ಸರಿಯಾಗಿಯೇ ಇತ್ತು. ಸಾಹೇಬರು ತಮ್ಮ ಪೂರ್ತಿ ಸಂಬಳ ಹೇಳಿದ್ದರೆ ಅಣ್ಣನ ಅರವತ್ತು ಎರಡು ಸಲ ಲೆಕ್ಕಕ್ಕೆ ಬಂದು, ಇಡೀ ಜಿಲ್ಲೆಯ ಆದಾಯ ಅಷ್ಟರಮಟ್ಟಿಗೆ ಸುಳ್ಳಾಗಿ ಏರುತ್ತಿತ್ತು. ಅದು ಅವರಿಂದ ಆಗುವ ಕೆಲಸವಲ್ಲ. ತಾಯಿಯ ಮುಂದೆ ಅಣ್ಣನಿಗೆ ಏನೂ ಇಲ್ಲ ಎಂದು ಬರೆಸುವುದೂ ಆಗುವುದಲ್ಲ. ಹಾಗಾಗಿ ತಲೆತಲೆಯ ಆದಾಯ ಎರಡೂ ಸುಳ್ಳು. ಕುಟುಂಬದ ಒಟ್ಟು ಆದಾಯ ಅಪ್ಪಟ ಸತ್ಯ. ಫಾರಂ ತುಂಬುವ ಶಾಸ್ತ್ರದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ನಾನು ಮತ್ತೆ ನೋಡಲಿಲ್ಲ.

ತೊಂದರೆ ಇದ್ದದ್ದು ದುರ್ಗದಲ್ಲಿ. ನಮ್ಮ ಸಂಬಳದ ಬಿಲ್ಲು ನೋಡುವವನೂ, ನಾವು ಕಳಿಸಿದ ಫಾರಂಗಳನ್ನು ಪರಿಶೀಲಿಸುವವನೂ ಒಬ್ಬನೇ ಹೆಡ್ ಕ್ಲರ್ಕು. ಇನ್ನೊಬ್ಬರ ತಪ್ಪು ಸಿಕ್ಕಿದ ದಿನ ಅವನು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆಂದು ಪ್ರತೀತಿ. ತೊಂಬತ್ತೈದನ್ನು ಅವನು ಕಂಡರೆ ಮರುತನಿಖೆ ಖಂಡಿತ. ದೊಡ್ಡ ಅಧಿಕಾರಿ ಮನೆಗೇ ಬಂದು, ಯಜಮಾನರನ್ನು ಎದುರಿಗೆ ಕೂರಿಸಿ, ಹರಿಹರದ ಆ ಅಂಗಡಿ ಯಾವುದು ಎಂದು ಕೇಳುತ್ತಾನೆ. ತಾಯಿ ಕುಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ.

ಇದು ನನಗೆ ಗೊತ್ತಿದ್ದ ಮೇಲೆ ಸಾಹೇಬರಿಗೆ ಗೊತ್ತಿರಲೇಬೇಕು. ಸೋಮವಾರ ಅವರು ಏನೂ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಬುಧವಾರ, "ಶನಿವಾರ ಫಾರಂಗಳೆಲ್ಲಾ ದುರ್ಗಕ್ಕೆ ಹೋಗ್ಬೇಕು" ಎಂದರು. ಆ ಮಾತನ್ನು ಅವರು ಪ್ರತಿ ವಾರವೂ ಹೇಳುತ್ತಿದ್ದರು. ಈ ಸಲ ಹೇಳುವಾಗ ಪೆನ್ಸಿಲಿನ ಮೊನೆ ಮುರಿಯಿತು.

ಗುರುವಾರ ನಾನು ಮತ್ತೆ ಹಳೇಪೇಟೆಗೆ ಹೋದೆ. ಸಾಹೇಬರ ಪಕ್ಕದ ಮನೆಯವನದು ಮಂಡಕ್ಕಿ ಭಟ್ಟಿ. ಭತ್ತ, ಸೌದೆ, ಕೂಲಿ, ಮಂಡಕ್ಕಿ ಚೀಲದ ದರ ಎಲ್ಲವನ್ನೂ ಕೇಳಿ, ಅವನು ಇಳಿಸಿ ಹೇಳಿದ್ದನ್ನು ಸಾಹೇಬರ ವಿಧಾನದಲ್ಲಿ ಏರಿಸಿ, ಬಹಳ ಪ್ರಾಮಾಣಿಕವಾದ ಒಂದು ಫಾರಂ ತುಂಬಿದೆ. ಅದಕ್ಕೆ ಬದಲಿ ಚೀಟಿ ಲಗತ್ತಿಸಿದೆ: 'ಪಟ್ಟಿಯಲ್ಲಿನ ಮನೆಗೆ ಮೂರು ಬಾರಿ ಭೇಟಿ ಕೊಟ್ಟಾಗಲೂ ಬೀಗ ಹಾಕಿತ್ತು. ಪಕ್ಕದ ಮನೆಯನ್ನು ತೆಗೆದುಕೊಳ್ಳಲಾಗಿದೆ.' ಶುಕ್ರವಾರ ಅದನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಅವರ ರುಜು ಇಲ್ಲದೆ ಬದಲಿ ಊರ್ಜಿತವಲ್ಲ.

ಸಾಹೇಬರು ಚೀಟಿಯನ್ನು ಎರಡು ಸಲ ಓದಿದರು.

"ಹಳೇ ಫಾರಂ?"

"ಒಲೆಗೆ ಹಾಕಿದೆ ಸಾರ್."

"ಯಾರ ಒಲೆಗೆ?"

"ನಮ್ಮನೇದಕ್ಕೇ."

ಚೀಟಿಯನ್ನು ಮೇಜಿನ ಮೇಲಿಟ್ಟು ನೇರ ಮಾಡಿದರು. "ಬೀಗ ಇತ್ತಾ?"

"ಇತ್ತು ಸಾರ್."

"ಮೂರು ಸಲಾನೂ?"

"ಮೂರು ಸಲಾನೂ."

"ಎಂಥ ಬೀಗ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿದ್ದುದರಿಂದ ತಯಾರಾಗಿ ಹೋಗಿದ್ದೆ. "ಅಲಿಗಢದ್ದು ಸಾರ್. ಹಿತ್ತಾಳೇದು. ಅಂಗೈಯಗಲ ಐತೆ. ತುಕ್ಕಿಲ್ಲ."

ಸಾಹೇಬರು ಕಿಟಕಿಯ ಕಡೆ ನೋಡಿದರು. ಹೊರಗೆ ಗಿರಣಿಯ ಸಿಳ್ಳು ಕೂಗಿತು. ಅದು ನಿಲ್ಲುವವರೆಗೂ ಕಾದರು.

"ಅಷ್ಟಗಲದ್ದು ಅಂದ್ರೆ ತುಟ್ಟಿ ಬೀಗನೇ ಆತಲ್ಲಪ್ಪ" ಎಂದರು. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ರುಜು ಹಾಕಿದರು.

ಮುಂದಿನ ತಿಂಗಳು ನನಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಜಿಲ್ಲೆಯ ಆದಾಯದ ವರದಿ ಬೂದು ಬಣ್ಣದ ರಟ್ಟು ಹಾಕಿಕೊಂಡು ಯಥಾಕಾಲಕ್ಕೆ, ಎಂದರೆ ಎಲ್ಲರೂ ಮರೆತ ಮೇಲೆ, ಪ್ರಕಟವಾಯಿತು. ಸಾಹೇಬರೂ ನಾನೂ ಆಮೇಲೆ ಎರಡೋ ಮೂರೋ ಸಲ ಭೇಟಿಯಾಗಿರಬಹುದು. ಯಾವ ಸಲವೂ ಬೀಗದ ಮಾತು ಬರಲಿಲ್ಲ.

ಆರಾಧನೆಯ ದಿನ ಊಟ ಮುಗಿಸಿ ಎದ್ದಾಗ ಸಾಹೇಬರ ಹೆಂಡತಿ ನನ್ನ ಗುರುತು ಹಿಡಿದರು. ಅವರ ಅತ್ತೆಯವರೂ ಭಾವನವರೂ ಮೊದಲೇ ತೀರಿಹೋಗಿದ್ದರು. ಅತ್ತೆ ಮೊದಲು, ಎರಡು ವರ್ಷದ ಮೇಲೆ ಭಾವನವರು. "ಭಾವನವರು ಕಡೀತನಕ ಅಂಗಡಿಗೆ ಹೋದ್ರು ನೋಡ್ರಿ. ಜ್ವರ ಬಂದು ಮಲಗೋ ಹಿಂದಿನ ದಿನಾನೂ ಬುತ್ತಿ ಕಟ್ಟಿಸ್ಕೊಂಡು ಹೋಗಿದ್ರು. ಅತ್ತಿ ಹೋದ ಮ್ಯಾಲೆ ಅರವತ್ತು ರೂಪಾಯಿ ದೇವರ ಮುಂದ ಇಡ್ತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದರು: "ಅವರದು ದೊಡ್ಡ ಜೀವ. ಅವರು ಹೋದ ತಿಂಗಳೇ ನಮ್ಮೋರಿಗೆ ಸರ್ಕಾರದೋರು ಸಂಬಳ ಜಾಸ್ತಿ ಮಾಡಿದ್ರು. ಎಷ್ಟು ಅಂತೀರಿ? ಸರೀ ಅರವತ್ತು ರೂಪಾಯಿ. ಹೋದ ಮ್ಯಾಲೂ ಮನಿ ನಡೆಸಿದ್ರು ನೋಡ್ರಿ ಭಾವನವರು."

"ಹೌದ್ರಿ ಅಮ್ಮಾ" ಎಂದೆ.

ಹೊರಡುವಾಗ ರೂಢಿಯಂತೆ ಬಾಗಿಲ ಕಡೆ ನೋಡಿದೆ. ಚೌಕಟ್ಟಿಗೆ ದಪ್ಪನೆಯ ಕೊಂಡಿ ಬಡಿದಿತ್ತು. ಕೊಂಡಿಯಲ್ಲಿ ಬಾಯಿ ತೆರೆದುಕೊಂಡು ಒಂದು ಬೀಗ ನೇತಾಡುತ್ತಿತ್ತು. ಅದರ ಕೀಲಿ ನೂಲಿನಲ್ಲಿ ಅದರ ಕೊರಳಿಗೇ ಕಟ್ಟಿತ್ತು.

"ಅದಾ?" ಎಂದರು ಅವರು. "ನೀವು ಬಂದು ಬರ್ಕೊಂಡು ಹೋದ್ರಲ್ಲ, ಅದರ ಮುಂದಿನ ವಾರ ನಮ್ಮೋರು ಬಡಿಗ್ಯಾರನ್ನ ಕರ್ಕೊಂಡು ಬಂದು ಹಾಕಿಸಿದ್ರು. ಮನೆ ತುಂಬ ಜನ ಇರ್ತೀವಿ, ಇದ್ಯಾಕ, ಇಷ್ಟು ರೊಕ್ಕ ಹಾಕಿ ಅಂತ ಜಗಳ ಮಾಡಿದೆ. 'ಇರ್ಲಿ, ಅದು ಇರಬೇಕು' ಅಂದ್ರು. ಒಂದು ದಿನಾನೂ ಹಾಕಿಲ್ರಿ."

ಬೀಗವನ್ನು ಕೈಯಲ್ಲಿ ಹಿಡಿದು ನೋಡಿದೆ. ಅಲಿಗಢದ್ದು. ಹಿತ್ತಾಳೆಯದು. ತುಕ್ಕಿರಲಿಲ್ಲ. ಅಂಗೈಯ ಮೇಲಿಟ್ಟುಕೊಂಡು ಅಳತೆ ನೋಡಿದೆ. ಅಂಗೈಯಗಲವೇ ಇತ್ತು.